ಗೋಡೆಯಲ್ಲಿ ನಿಲ್ಲದ ಪದ

ನಮ್ಮ ಶಾಲೆಯ ಗೋಡೆ ಮೇಲಿನ ಸಂವಿಧಾನ ಪೀಠಿಕೆಯಲ್ಲಿ ‘ಸಮಾನತೆ’ ಮತ್ತೆ ಅಳಿಸಿಹೋಗಿತ್ತು. ಊರಲ್ಲಿ ಪಾಲಿಸದ ಪದ ಗೋಡೆಯಲ್ಲಿ ಉಳಿಯುವುದಿಲ್ಲ. ಎಲ್ಲ ಊರಲ್ಲೂ ಅಷ್ಟೇ. ‘ನ್ಯಾಯ’ ಹೋಗಿ ಎಷ್ಟೋ ವರ್ಷವಾಯಿತು. ಪ್ರಾರ್ಥನೆ ಹೊತ್ತಿಗೆ ಪೀಠಿಕೆ ಓದುವ ಮಕ್ಕಳು ಆ ಜಾಗ ಬಂದಾಗ ಉಸಿರೆಳೆದುಕೊಂಡು ಮುಂದಕ್ಕೆ ಹೋಗುತ್ತಾರೆ.

ನಾಳೆ ತಪಾಸಣೆ. ಹೆಡ್‌ಮೇಡಂ ಆದ ನಾನು ಕೇರಿಯಿಂದ ಪೇಂಟರ್ ದುರುಗಪ್ಪನನ್ನು ಕರೆಸಿದೆ. ಏಣಿ ಹತ್ತಿ ಅಂದವಾಗಿ ಬರೆದ. ಮಾಸ್ತರರಿಗೆಲ್ಲ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟು, ಕೇರಿಯವರಿಗೆ ಯಾವಾಗಲೂ ಕೊಡುವಂತೆ ಅವನಿಗೆ ಕಾಗದದ ಕಪ್ಪಿನಲ್ಲಿ ಕೊಟ್ಟೆ.

ಅವನು ಕುಡಿದು ಮುಗಿಸುವಷ್ಟರಲ್ಲಿ ಪದ ಮಾಯ.

“ಥೂ, ಈ ಊರಿನವರು ಸುಧಾರಿಸೋದಿಲ್ಲ!” ಎಂದು ರೇಗಿದೆ.

ದುರುಗಪ್ಪ ಕಪ್ಪನ್ನು ಮುದುಡಿ ತನ್ನ ಜೇಬಿಗಿಟ್ಟುಕೊಂಡ.

“ಬಣ್ಣಾನೇ ಸರಿ ಇಲ್ರಿ ಮೇಡಂ,” ಎಂದ.