ಪೂರಿಗಾಲಿಯ ಏಳು ಜವರಯ್ಯರು

ಸಹಸ್ರ ನಾಮಗಳಿಂದ ಕರೆದರೂ ಏಕನಾಗಿಯೇ ಓಗೊಡುವ ಪರಮಾತ್ಮನಿಗೆ ವಂದನೆ.

ಗ್ರಾಹಕರ ವಿವರಗಳನ್ನು ದಾಖಲಿಸಿಡುವ ತಂತ್ರಾಂಶ ಮಾರಲು ಬಂದಿದ್ದ ಪುನೀತನ ಬೆರಳು ಕಂಪ್ಯೂಟರಿನ ಗುಂಡಿಯ ಮೇಲಿತ್ತು. “ಪೂರಿಗಾಲಿ ಜವರಯ್ಯ ಅನ್ನೋ ಹೆಸ್ರು ಏಳು ಸಲ ಬಂದೈತೆ ಮೇಡಂ. ಎಲ್ಲಾನೂ ಒಂದ್ ಮಾಡ್ಬುಡ್ಲಾ?” ಸೋಮನಹಳ್ಳಿಯಲ್ಲಿ ಕಬ್ಬಿನ ಗಾಣಗಳನ್ನು ತಯಾರಿಸುವ ಅಂಜುಮ್ ಉತ್ತರಿಸುವ ಮೊದಲೇ, ತನ್ನ ಗಾಣಕ್ಕೆ ಹಲ್ಲುಚಕ್ರ ಕೊಳ್ಳಲು ಬಂದಿದ್ದ ವೃದ್ಧನೊಬ್ಬ ಎದ್ದುನಿಂತನು.

“ಲೇ, ತಗಿಯಲಾ ಕೈಯ! ನಾನೂ ಅವ್ರಲ್ಲೊಬ್ಬ ಜವರಯ್ಯ. ಅದು ನಮ್ಮಜ್ಜನ ಹೆಸ್ರು ಕಣ್ಲಾ, ಅವನ ಏಳು ಮಕ್ಳೂ ಅವರವರ ಮಗಂಗೆ ಅದ್ನೇ ಮಡಗವ್ರೆ! ನನ್ ಗಾಣ ಕೆಟ್ಟಾಗ ರಿಪೇರಿಯೋನು ಇನ್ನೊಬ್ಬನ ಆಲೆಮನೆಗೆ ಓದ್ರೆ, ಇಂಡಿದ ಕಬ್ಬಿನ ರಸ್ವೆಲ್ಲ ಕೆಟ್ಟೋಯ್ತದೆ!”

ಅಂಜುಮ್ ಒಂದೇ ಹೆಸರಿನವರನ್ನೆಲ್ಲ ಕೂಡಿಸಲು ಹೊರಟಿದ್ದ ಆ ತಂತ್ರಾಂಶವನ್ನು ಮುಚ್ಚಿಸಿ, ಪುನೀತನು ಮೊದಲು ತೋರಿಸಿದ್ದ ಸರಳವಾದ ಇನ್ನೊಂದು ತಂತ್ರಾಂಶವನ್ನು ತೆರೆಸಿದಳು. ಅದರಲ್ಲಿ ಪ್ರತಿ ಹೆಸರಿನ ಪಕ್ಕದಲ್ಲೂ ‘ಗುರುತು’ ಎಂಬ ಖಾಲಿ ಜಾಗವಿತ್ತು. “ನಮಗೆ ಇದೇ ಸಾಕು. ನಿಮ್ ಗುರುತು ಏನಂತ ಬರೀಲಿ ಯಜಮಾನ್ರೆ?”

“ಜಗಳಗಂಟ ಅಂತ ಬರ್ಕೊ ಕಣಮ್ಮ. ಊರಲ್ಲಿ ಯಾರ್ನ ಕೇಳಿದ್ರೂ ಸೀದಾ ನನ್ ಆಲೆಮನೆಗೇ ಕಳಿಸ್ತಾರೆ.”

ಪುನೀತನು ನಗುತ್ತಲೇ ಹಾಗೆಯೇ ಬರೆದನು. ಇದನ್ನು ಆಲಿಸಿದ ಸಕಲರ ಕಾಯಕವೂ ಸುಗಮವಾಗಲಿ, ಅವರ ಬಾಯಿ ಸದಾ ಸಿಹಿಯಾಗಿರಲಿ.