ಮೂರನೇ ಸಾಲಿನ ನೀರು

ಆನ್ಸೆಲ್ಮ್ ವಾಲ್ವ್ ತಿರುಗಿಸಿ ಮೂರನೇ ಸಾಲಿನ ಮರಗಳಿಗೆ ನೀರು ನಿಲ್ಲಿಸಿದಾಗ, ಸುಶೀಲಮ್ಮ ತಮ್ಮ ಮನೆಯೆದುರಿನ ಬೇವಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಗುಂಡಿ ತೋಡುತ್ತಿದ್ದರು. ಪಕ್ಕದ ಕುಂಡದಲ್ಲಿ ಗೇಣುದ್ದದ ಕರಿಬೇವಿನ ಸಸಿಯಿತ್ತು.

"ರಿಪೇರಿನಾ ಆನ್ಸೆಲ್ಮ್?" ಎಂದು ಅವರೇ ಕೇಳಿದರು.

ಗಲ್ಫಿನ ರುವೈಸ್‌ನ ಈ ಕಂಪನಿ ಕಾಲೊನಿಯಲ್ಲಿ ಹತ್ತೊಂಬತ್ತು ವರ್ಷದ ಹಿಂದೆ ಮರಳಿನಡಿ ಪೈಪು ಹೂತವರಲ್ಲಿ ಅವನೂ ಒಬ್ಬ. ಪೈಪು ಎಳೆದ ಕಡೆ ಮರ ಬೆಳೆದವು, ನೆರಳು ಬಿದ್ದ ಮೇಲೆ ಸಂಸಾರಗಳು ಬಂದವು. ಈಗ ಹಳೆಯ ಮನೆಗಳನ್ನು ಸಾಲುಸಾಲಾಗಿ ಕೆಡವುತ್ತಿದ್ದರು. ಮೊದಲು ಮರಗಳ ನೀರು ನಿಲ್ಲುತ್ತಿತ್ತು. ತಿಂಗಳ ಮೇಲೆ ಮನೆ ಬಿಡುವ ಕಾಗದ ಬರುತ್ತಿತ್ತು. ಹಿಂದಿನ ಎರಡು ಸಾಲಿನವರಿಗೂ ಅವನು 'ರಿಪೇರಿ, ಹತ್ತು ದಿನ' ಎಂದಿದ್ದ. ಹಾಗೆಂದರೆ ಯಾರೂ ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ, ಅವನು ಊಟಕ್ಕೆ ಹೋಗಬಹುದಿತ್ತು.

"ನಿಮ್ಮ ಪೈಪಿನ ನೀರು ಬಿದ್ರೆ ಕಲ್ಲೂ ಚಿಗುರುತ್ತೆ ಕಣ್ರೀ," ಸುಶೀಲಮ್ಮ ನಕ್ಕರು. "ಇದನ್ನ ಇಲ್ಲೇ ನೆಟ್ಟುಬಿಡ್ತೀನಿ. ನಮ್ಮ ಮಗಳು ಪ್ರಾರ್ಥನಾ ಹತ್ತನೇ ಕ್ಲಾಸು ಮುಗಿಸೋವರೆಗೆ, ಇನ್ನೆರಡು ವರ್ಷ, ನಾವಂತೂ ಅಲ್ಲಾಡಲ್ಲ. ನೀರು ಯಾವಾಗ ಬರುತ್ತೆ ಹೇಳಿ."

ಕುಂಡದಿಂದ ಬಿಡಿಸಲು ಅವರು ಸಸಿಯ ಬುಡಕ್ಕೆ ಕೈ ಹಾಕಿದರು. ಹತ್ತು ದಿನ ಎಂಬ ಮಾತು ಆನ್ಸೆಲ್ಮ್‌ನ ಬಾಯಿಯವರೆಗೆ ಬಂದು ಅಲ್ಲೇ ಉಳಿಯಿತು.

"ಕುಂಡದಲ್ಲೇ ಇರ್ಲಿ ಅಕ್ಕ," ಎಂದ.

ಸುಶೀಲಮ್ಮ ಅವನ ಮುಖ ನೋಡಲಿಲ್ಲ. ಸಸಿಯಿಂದ ಕೈ ತೆಗೆದು, ತೋಡಿದ ಮರಳನ್ನು ಅಂಗೈಯಿಂದ ಗುಂಡಿಗೆ ಎಳೆದು ಮುಚ್ಚತೊಡಗಿದರು.