ನಾಲ್ಕು ಹಾಳೆಯ ತೂಕ

"ಐ ವಾಂಟ್ ಟು ಸೆಂಡ್ ದಿಸ್ ಲೆಟರ್ ಬೈ ರಿಜಿಸ್ಟರ್ಡ್ ಪೋಸ್ಟ್," ಎಂದು ಆಸ್ಪತ್ರೆಯ ಆಯಾ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಅಂಚೆ ಕಚೇರಿಯ ಗುಮಾಸ್ತೆ ಕನ್ನಡಕ ಮೇಲೇರಿಸಿ ನೋಡಿದಳು. "ರಿಜಿಸ್ಟರ್ ಮಾಡ್ಬೇಕಾ? ಅಷ್ಟು ಹೇಳಿದ್ರೆ ಸಾಕಮ್ಮ, ನಾನೇನು ಪರೀಕ್ಷೆ ತಗೊಳ್ತಿಲ್ಲ."

ಹಿಂದೆ ನಿಂತಿದ್ದ ಭಾವ ಕಿಸಕ್ಕನೆ ನಕ್ಕ. "ರಾತ್ರಿ ಶಾಲೇಲಿ ಇಂಗ್ಲಿಷ್ ಕಲೀತಿದಾಳೆ ಮೇಡಂ. ಈ ವಾರ ಅಂಚೆ ಕಚೇರಿ ಪಾಠ. ನೀನು ಸರಿ ಈ ಕಡೆ, ನಾನು ಮುಗಿಸ್ತೀನಿ."

ಅವಳು ಸರಿಯಲಿಲ್ಲ. ಭಾವ ಎಂದರೆ ಅಕ್ಕನ ಗಂಡ. ಅದೇ ಆಸ್ಪತ್ರೆಯ ಉಗ್ರಾಣ ಅವನ ವಶದಲ್ಲಿತ್ತು. ಅಲ್ಲಿಂದ ನಲವತ್ತು ಕಂಬಳಿ ಕಾಣೆಯಾಗಿ, ಆ ದಿನ ಬೀಗದ ಕೈ ನಿನ್ನ ಹತ್ತಿರವೇ ಇತ್ತು ಎಂದು ಅವಳಿಗೆ ನೋಟೀಸು ಬಂದಿತ್ತು. ಇವತ್ತು ಸಂಜೆಯೊಳಗೆ ಉತ್ತರ ರಿಜಿಸ್ಟರಿನಲ್ಲಿ ಹೋಗದಿದ್ದರೆ ತಪ್ಪು ಒಪ್ಪಿಕೊಂಡ ಹಾಗೆ, ಕೆಲಸವೂ ಹೋದ ಹಾಗೆ. "ಪತ್ರದ ಚಿಂತೆ ನನಗೆ ಬಿಡು," ಎಂದು ಭಾವನೇ ಮುಂದೆ ಬಿದ್ದು ಟೈಪ್ ಮಾಡಿಸಿ ತಂದಿದ್ದ. ನಿನ್ನೆ ನಾಲ್ಕೂ ಹಾಳೆಗೆ ಅವಳು ಸಹಿ ಹಾಕಿ ಅವನ ಕೈಗೆ ಕೊಟ್ಟಿದ್ದಳು. ಇಷ್ಟು ವರ್ಷದಲ್ಲಿ ಒಂದು ಲೋಟ ನೀರು ಎತ್ತಿ ಕೊಡದ ಮನುಷ್ಯ ಈಗ ಇಷ್ಟು ಓಡಾಡುವುದೇಕೆ ಎಂಬುದು ಅವಳಿಗೆ ಆಗಲೇ ಮುಳ್ಳಿನಂತೆ ಚುಚ್ಚಿತ್ತು. ಬೆಳಿಗ್ಗೆ ನೋಡಿದರೆ ಕವರಿಗೆ ಅಂಟೂ ಹಚ್ಚಿ ಆಗಿದೆ. "ಬಿಸಿಲಲ್ಲಿ ನೀನ್ಯಾಕೆ ಬರ್ತೀಯ?" ಎಂದು ಮೂರು ಸಲ ಕೇಳಿದ. ಮೂರನೆಯ ಸಲಕ್ಕೆ ಅವಳು ಚಪ್ಪಲಿ ಮೆಟ್ಟಿದಳು.

"ಅಕ್ನಾಲೆಜ್‌ಮೆಂಟ್ ಆಲ್ಸೋ, ಪ್ಲೀಸ್," ಎಂದಳು ಈಗ. ಗುಮಾಸ್ತೆ ನಗುತ್ತಲೇ, ಪತ್ರ ಪಡೆದವರು ಸಹಿ ಹಾಕಿ ಹಿಂದಿರುಗಿಸುವ ಕಾರ್ಡೊಂದನ್ನು ಎತ್ತಿಟ್ಟು, ಕವರನ್ನು ತಕ್ಕಡಿಯ ಮೇಲಿಟ್ಟಳು. "ವಾಟ್ ಈಸ್ ದ ವೇಯ್ಟ್?" ಎಂದಳು ಆಯಾ. ತೂಕ ಕಟ್ಟಿಕೊಂಡು ಅವಳಿಗೇನೂ ಆಗಬೇಕಿರಲಿಲ್ಲ. ಪಾಠದಲ್ಲಿ ಅದು ಮೂರನೆಯ ವಾಕ್ಯ, ಬಿಟ್ಟರೆ ನಾಲ್ಕನೆಯದು ನೆನಪಿಗೆ ಬರುತ್ತಿರಲಿಲ್ಲ.

"ಹತ್ತು ಗ್ರಾಂ."

"ನಾಲ್ಕು ಹಾಳೆಗೆ ಹತ್ತೇನಾ ಮೇಡಂ?"

"ನಾಲ್ಕಾ? ಕವರೇ ಐದು ತೂಗುತ್ತೆ. ಇದರಲ್ಲಿರೋದು ಒಂದೇ ಹಾಳೆ."

"ತೆಳು ಕಾಗದ ಅದು," ಎಂದ ಭಾವ, ತಟ್ಟನೆ. "ಹಿಂದೆ ಜನ ಕಾಯ್ತಿದಾರೆ, ರಸೀದಿ ಇಸ್ಕೊಂಡು ನಡಿ. ಉತ್ತರ ಕಳಿಸಿದ್ದಕ್ಕೆ ಅದೇ ಸಾಕ್ಷಿ."

"ಕವರು ಹೋಗಿದ್ದಕ್ಕೆ ಸಾಕ್ಷಿ. ಒಳಗಿರೋದಕ್ಕೆ?"

"ಒಳಗೇನಿದೆ ಅಂತ ನಾವು ನೋಡಲ್ಲಮ್ಮ," ಎಂದಳು ಗುಮಾಸ್ತೆ. ಅವಳ ನಗು ನಿಂತಿತ್ತು. ಭಾವನನ್ನೊಮ್ಮೆ ನೋಡಿ, ಕವರನ್ನು ಆಯಾಳ ಕಡೆಗೆ ತಳ್ಳಿದಳು. "ಬುಕ್ ಆಗೋವರೆಗೂ ಇದು ನಿಮ್ದೇ. ಬೇಕಾದ್ರೆ ಒಡೆದು ನೋಡಿ."

ಭಾವನ ಕೈ ಮುಂದೆ ಬಂತು. ಅಷ್ಟರಲ್ಲಿ ಅವಳು ಕವರು ಹರಿದಾಗಿತ್ತು. ಒಂದು ಹಾಳೆ. ತಿರುಗಿಸಿ ನೋಡಿದಳು. ಎರಡು ಕಡೆಯೂ ಬಿಳಿ.

"ಅಯ್ಯೋ, ಅವಸರದಲ್ಲಿ... ಮನೆ ಮೇಜಿನ ಮೇಲೇ ಉಳೀತೇನೋ. ನೀನು ಕೂತಿರು, ಓಡಿ ಹೋಗಿ ತರ್ತೀನಿ."

"ಯಾವಾಗ ಬರ್ತೀರಿ ಭಾವ? ಇವರು ಕೌಂಟರ್ ಮುಚ್ಚಿದ ಮೇಲಾ?"

ಮೂಲೆಯ ಮೇಜಿಗೆ ದಾರದಿಂದ ಕಟ್ಟಿದ್ದ ಪೆನ್ನು ಹಿಡಿದು ಅವಳು ಕುಳಿತಳು. ಗುಮಾಸ್ತೆ ಕೊಟ್ಟ ಹಾಳೆಯ ಮೇಲೆ, ಇಂಗ್ಲಿಷಿನ ಗೊಡವೆಗೆ ಹೋಗದೆ ತನ್ನ ಭಾಷೆಯಲ್ಲೇ, ಒಂದೊಂದು ಅಕ್ಷರವನ್ನೂ ತಿದ್ದಿ ತೀಡಿ ಬರೆದಳು: 'ಕಂಬಳಿ ನಾನು ತೆಗೆದಿಲ್ಲ. ಬೀಗಕ್ಕೆ ಇನ್ನೊಂದು ಕೀಲಿಕೈ ಇದೆ. ಅದು ಯಾರ ಹತ್ತಿರ ಇದೆ ಎಂದು ವಿಚಾರಿಸಿ. ನನ್ನನ್ನೂ ಎದುರಿಗೆ ಕರೆಸಿ ಕೇಳಿ.' ಹೆಗಲ ಮೇಲಿಂದ ಓದುತ್ತಿದ್ದ ಭಾವ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. "ಮನೆ ಮಾತು ಹೀಗೆ ಬೀದಿಗೆ ಹಾಕ್ತಾರೇನೇ? ನಿಮ್ಮಕ್ಕನ ಮುಖ ನೋಡು." ಅವಳು ಅಕ್ಕನ ಮುಖ ನೆನೆದಳು, ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಸಹಿ ಹಾಕಿದಳು.

ಆ ಪತ್ರ ಹೊಸ ಕವರಿನಲ್ಲಿ ಬುಕ್ ಆಗಿ ರಸೀದಿ ಕೈಗೆ ಬಂದ ಮೇಲೂ ಅವಳು ಕೌಂಟರ್ ಬಿಡಲಿಲ್ಲ. ಇನ್ನೊಂದು ಕವರು ಕೊಂಡಳು. ಆ ಬಿಳಿ ಹಾಳೆಯನ್ನು ಮಡಚಿ ಒಳಗಿಟ್ಟು, ಅಂಟು ಹಚ್ಚಿ, ವಿಳಾಸ ಬರೆದು ಮುಂದೆ ತಳ್ಳಿದಳು. "ಇದೂ ರಿಜಿಸ್ಟರ್ ಮೇಡಂ. ಅಕ್ನಾಲೆಜ್‌ಮೆಂಟ್ ಸಮೇತ."

ಗುಮಾಸ್ತೆ ವಿಳಾಸ ಓದಿದಳು. "ಇದು ಯಾರಿಗೆ?"

"ಇಗೋ, ಇವರಿಗೇ. ನಮ್ಮ ಭಾವ."

"ಪಕ್ಕದಲ್ಲೇ ನಿಂತಿದ್ದಾರಲ್ಲಮ್ಮ, ಕೈಗೇ ಕೊಡಬಾರದಾ?"

"ಕೈಗೆ ಕೊಟ್ರೆ ನಾಳೆ ಇಸ್ಕೊಂಡೇ ಇಲ್ಲ ಅಂತಾರೆ ಮೇಡಂ. ಸಹಿ ಹಾಕಿ ತಗೊಳ್ಳಲಿ."